ಒಂದೇ ತಾಟಿನಲ್ಲಿ ಎರಡು ಊಟ

ನನ್ನ ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದವರು. ಗದಗಿನಿಂದ ಹೊರಡುವ ಎಲ್ಲ ದಾರಿಗಳೂ ಅವರ ಮಟ್ಟಿಗೆ ಯಾವುದಾದರೊಂದು ಖಾನಾವಳಿಗೇ ಹೋಗಿ ಮುಟ್ಟುತ್ತಿದ್ದವು. ಲಕ್ಷ್ಮೇಶ್ವರ ಎಂದರೆ ಜನಕ್ಕೆ ದೇವರ ಗುಡಿ ನೆನಪಾಗುತ್ತದೆ. ಇವರಿಗೆ ಬದನೆಕಾಯಿ ಎಣ್ಣೆಗಾಯಿ ನೆನಪಾಗುತ್ತಿತ್ತು. ಲಕ್ಕುಂಡಿಯಲ್ಲಿ ನಾನು ಗುಡಿಯ ಕಂಬ ನೋಡುತ್ತ ನಿಂತರೆ, "ಆ ಕಂಬ ಎಲ್ಲೂ ಓಡಿ ಹೋಗೂದಿಲ್ಲ, ಬಜಿ ಆರತಾವು, ಜಲ್ದಿ ಬಾ" ಎಂದು ಕೂಗುತ್ತಿದ್ದರು.

ನಾನು ಬೆಟಗೇರಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ವಾರವಿಡೀ ಮಕ್ಕಳ ಮುಂದೆ ಒದರಿ ಒದರಿ ಗಂಟಲು ಹರಿದುಕೊಂಡವಳಿಗೆ ರವಿವಾರ ರೊಟ್ಟಿ ಬಡಿಯುವ ಉಮೇದು ಎಲ್ಲಿಂದ ಬರಬೇಕು? "ಇವತ್ತ ಒಲಿ ಹಚ್ಚಬ್ಯಾಡ" ಎಂದು ಅವರ ಬಾಯಿಂದ ಬೀಳುವುದೇ ತಡ, ನಾನು ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿರುತ್ತಿದ್ದೆ. ನಮ್ಮತ್ತೆ, "ಮನ್ಯಾಗ ಜ್ವಾಳ ತೀರ್ಯಾವೇನು ಊರೂರು ತಿರುಗಿ ಉಣ್ಣಾಕ?" ಎಂದು ಗೊಣಗುತ್ತಿದ್ದರು. ಬರುವಾಗ ಅವರಿಗೆ ನಾಲ್ಕು ಮಿರ್ಚಿ ಬಜಿ ಕಟ್ಟಿಸಿಕೊಂಡು ಬಂದರೆ ಅದನ್ನೂ ಗೊಣಗುತ್ತಲೇ ತಿನ್ನುತ್ತಿದ್ದರು. ಇನ್ನು ನಾವಿಬ್ಬರು ಎದುರುಬದುರು ಕೂತರೆ ಜಗಳ ಶುರು. ನನಗೆ ಖಾರ ಹೆಚ್ಚಾಯಿತು ಎಂದರೆ ಅವರಿಗೆ ಕಡಿಮೆಯಾಗಿರುತ್ತಿತ್ತು. ಆ ಜಗಳವೇ ನಮ್ಮ ಸಂಸಾರದ ಅರ್ಧ ಮಾತು.

ಇಬ್ಬರೂ ನಿವೃತ್ತರಾದ ಮೇಲೆ ಇನ್ನು ದಿನಾ ರವಿವಾರವೇ ಎಂದುಕೊಂಡಿದ್ದೆವು. ಅಷ್ಟರಲ್ಲಿ ಅವರಿಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಕಾಲು ಬಂತು, ಬಾಯಿ ಸರಿಹೋಯಿತು. ಬಲಗೈ ಮಾತ್ರ ಅರ್ಧಕ್ಕೆ ನಿಂತಿತು. ತುತ್ತು ಎತ್ತಿ ಬಾಯಿಗಿಡಲು ಬರುತ್ತಿತ್ತು, ಆದರೆ ಬೆರಳಲ್ಲಿ ಒತ್ತುವ ಶಕ್ತಿ ಇರಲಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಒತ್ತಿ ಹಿಡಿದು ಮುರಿಯಬೇಕಲ್ಲ, ಅದು ಆಗುತ್ತಿರಲಿಲ್ಲ. ಎಡಗೈ ಹಚ್ಚಿದರೆ ಆಗುತ್ತಿತ್ತು ಎಂದು ನೀವು ಹೇಳಬಹುದು. ನಮ್ಮ ಕಡೆ ಉಣ್ಣುವಾಗ ಎಡಗೈ ತಾಟಿಗೆ ತಾಗಿದರೆ ಸಣ್ಣ ಮಕ್ಕಳ ಕೈಮೇಲೂ ಏಟು ಬೀಳುತ್ತದೆ. ಇವರಂತೂ ಇಂಥದರಲ್ಲಿ ಬಲು ಕಟ್ಟುನಿಟ್ಟು.

ಮನೆಯಲ್ಲಿ ನಾನೇ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತಾಟು ಮುಚ್ಚಿ ಇಡುತ್ತಿದ್ದೆ. ಅವರು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದರು. ನಾನೂ ಅಲ್ಲಿರಬಾರದು. ಹೊರಗೆ ಯಾರಾದರೂ ಊಟಕ್ಕೆ ಕರೆದರೆ, "ಇವತ್ತ ಉಪವಾಸ ಐತ್ರಿ." ಜನ್ಮದಲ್ಲಿ ಶಿವರಾತ್ರಿಯಂದೂ ಹೊಟ್ಟೆ ಕಟ್ಟದ ಮನುಷ್ಯನಿಗೆ ಸೋಮವಾರ, ಗುರುವಾರ, ಶನಿವಾರ ಎಲ್ಲವೂ ಉಪವಾಸವಾದವು. ನನ್ನ ತಂಗಿಯ ಮಗನ ಮದುವೆಯಲ್ಲಿ ಪಂಕ್ತಿಗೆ ಕರೆಯಲು ಬಂದವರಿಗೂ ಅದೇ ಉತ್ತರ ಕೊಟ್ಟು ಮಂಟಪದ ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಕೈ ಹೋದರೆ ಹೋಗಲಿ, ಇವರೇ ನನ್ನ ಕೈಬಿಟ್ಟು ಹೋಗುತ್ತಿದ್ದಾರೆ ಎಂದು ಎದೆ ಧಸಕ್ಕೆಂದಿತು. ಇವರನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸಿ ಉಣ್ಣಿಸದಿದ್ದರೆ ನಾನು ಇವರ ಹೆಂಡತಿಯೇ ಅಲ್ಲ ಎಂದು ಅವತ್ತೇ ಹಟ ಹಿಡಿದೆ.

ಮೊದಲು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದೆ. ಅನ್ನ ಸಾರು ಹೇಳಿ, ಕೈಯಲ್ಲಿ ಕಲಸುವ ತ್ರಾಸು ಬೇಡವೆಂದು ಕೇಳಿ ಚಮಚ ತರಿಸಿದೆ. ಎದುರಿನ ಬೆಂಚಿನ ಮನುಷ್ಯ ರೊಟ್ಟಿ ಮುರಿಯುವುದನ್ನು ಬಿಟ್ಟು ಇವರ ಚಮಚವನ್ನೇ ನೋಡತೊಡಗಿದ. "ಯಜಮಾನ್ರ, ರೊಟ್ಟಿ ಉಣ್ಣಂಗಿಲ್ಲೇನ್ರಿ? ಇಲ್ಲಿ ರೊಟ್ಟಿ ಭಾಳ ಛಲೋ ಇರತಾವ" ಎಂದ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇವರು ಚಮಚ ಕೆಳಗಿಟ್ಟು ಎದ್ದರು. ಬಸ್ಸಿನಲ್ಲಿ ಗದಗ ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಆಮೇಲೊಂದು ದಿನ ಶಿರಹಟ್ಟಿಯಲ್ಲಿ ಪರಿಚಯದವರ ಮನೆಗೆ ಹೋಗಿದ್ದೆವು. ಬರುವಾಗ ಚಹಾದ ಅಂಗಡಿಯಲ್ಲಿ ಒಂದು ಪ್ಲೇಟ್ ಬಜಿ ತೆಗೆದುಕೊಂಡೆವು. ಆ ಅಂಗಡಿಯಲ್ಲಿ ಬೆಂಚು ಒಂದೇ ಇದ್ದುದರಿಂದ ಎದುರಿಗಲ್ಲ, ಪಕ್ಕದಲ್ಲಿ ಕೂತೆವು. ಮಾತಿನ ಭರದಲ್ಲಿ ನಾನು ಒಂದು ಬಜಿ ಮುರಿದು ಪ್ಲೇಟಿನಲ್ಲೇ ಬಿಟ್ಟೆ. ಅವರು ಆ ತುಂಡು ಎತ್ತಿ ಬಾಯಿಗೆ ಹಾಕಿಕೊಂಡರು. ಮತ್ತೊಂದು ಮುರಿದೆ, ಅದನ್ನೂ ತಿಂದರು. ಅಂಗಡಿಯವನು ನೋಡಿದ, ಅವನಿಗೆ ಏನೂ ಗೊತ್ತಾಗಲಿಲ್ಲ. ಒಂದು ಪ್ಲೇಟಿನಲ್ಲಿ ಎರಡು ಕೈ ಆಡುತ್ತಿದ್ದರೆ ಮುರಿದವರು ಯಾರು, ತಿಂದವರು ಯಾರು ಎಂದು ಯಾರಿಗೆ ಬೇಕಾಗಿದೆ? ನನಗೆ ಕುಣಿಯುವಷ್ಟು ಖುಷಿಯಾಯಿತು. ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ಇವರಿಗೆ ಹೇಳಿದರೆ ಕೆಟ್ಟಿತು.

ಮುಂದೆ ಕೊರ್ಲಹಳ್ಳಿಗೆ ಹೊಳೆ ನೋಡಲು ಹೋದ ದಿನ, ಬರುವಾಗ ಮುಂಡರಗಿಯಲ್ಲಿ ಇಳಿದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯೊಳಗೆ ಇವರ ತೋಳು ಹಿಡಿದು ನಡೆದೆ. ಹೊಸದು, ಗುರುತಿನವರು ಯಾರೂ ಇಲ್ಲ. ಒಳಗೆ ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ, ತುಂಬಿದ ಮಂದಿ. ನಾನು ಎರಡು ಊಟ ಹೇಳಿ ಇವರ ಪಕ್ಕದಲ್ಲೇ ಕೂತೆ.

"ಎದುರಿಗೆ ಕುಂಡ್ರು" ಎಂದರು.

"ಫ್ಯಾನಿನ ಗಾಳಿ ಈ ಕಡೇನ ಐತಿ" ಎಂದೆ.

ತಾಟು ಬಂದವು. ನಾನು ನನ್ನ ತಾಟನ್ನು ಬದಿಗೆ ಸರಿಸಿ, ಇವರ ತಾಟಿನ ರೊಟ್ಟಿಗೇ ಕೈ ಹಾಕಿದೆ. ಒಂದು ತುಂಡು ನನ್ನ ಬಾಯಿಗೆ, ಎರಡು ತುಂಡು ಎಣ್ಣೆಗಾಯಿಯ ಮಗ್ಗುಲಿಗೆ. ಇವರು ನನ್ನ ಮುಖ ನೋಡಿದರು. ಉಪಾಯ ತಿಳಿದುಹೋಯಿತು ಎಂದು ನನ್ನ ಜೀವ ಬಾಯಿಗೆ ಬಂತು. ಆದರೆ ಮೆಲ್ಲನೆ ಕೈ ಮುಂದೆ ಬಂತು, ಒಂದು ತುಂಡು ಎತ್ತಿತು, ಪಲ್ಯಕ್ಕೆ ತಾಗಿಸಿತು. "ಖಾರ ಕಡಿಮಿ ಐತಿ" ಎಂದರು. ಎಷ್ಟು ದಿನವಾಗಿತ್ತೋ ಆ ಮಾತು ಕೇಳಿ!

ಅಷ್ಟರಲ್ಲಿ ಖಾನಾವಳಿಯ ಒಡತಿ ಒಲೆಯ ಕಡೆಯಿಂದಲೇ ಕೂಗಿದಳು.

"ಅಮ್ಮಾರ, ಒಂದ ತಾಟಿನ್ಯಾಗ ಇಬ್ರು ಉಣ್ಣಂಗಿಲ್ರಿ! ಗ್ವಾಡಿ ಮ್ಯಾಲೆ ಬರದೇವಿ ನೋಡ್ರಿ."

ನಿಜ, ಒಂದು ಊಟ ಇಬ್ಬರು ಹಂಚಿಕೊಳ್ಳುವಂತಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ನಮ್ಮ ಕಡೆ ಹಲವು ಖಾನಾವಳಿಗಳಲ್ಲಿ ಬರೆದಿರುತ್ತದೆ. ನನಗೆ ಮೈಯೆಲ್ಲ ಉರಿಯಿತು.

"ಎರಡ ಊಟ ಹೇಳೇನಿ ಯವ್ವಾ, ಕಣ್ಣ ಕಾಣವಲ್ದೇನು? ನಾ ಎಲ್ಲಿ ಉಂಡ್ರ ನಿನಗೇನು?"

"ಹಿಂಗ ಒಂದ ತಾಟು ಬಾಜೂಕ ಇಟ್ಟು, ಕಡೀಕ ಇದನ್ನ ಮುಟ್ಟೇ ಇಲ್ಲ, ರೊಕ್ಕ ಕೊಡಂಗಿಲ್ಲ ಅಂತಾರ್ರಿ ಮಂದಿ. ದಿನಾ ನೋಡತೇನಿ ನಾ." ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಮುಂದೆಯೇ ಬಂದು ನಿಂತಳು. "ನಿಮ್ಮ ತಾಟು ನಿಮ್ಮ ಮುಂದ ಇಟಗೊಂಡು ಉಣ್ಣಾಕ ಏನ್ ತ್ರಾಸು?"

ಅಲ್ಲಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಇವರ ಬಲಗೈ ತಾಟಿನಿಂದ ಹಿಂದೆ ಸರಿದು ತೊಡೆಯ ಮೇಲೆ ಬಿತ್ತು. ಮುಗಿಯಿತು, ಇನ್ನು ಏಳುತ್ತಾರೆ, ಇನ್ನು ಯಾವತ್ತೂ ಬರುವುದಿಲ್ಲ ಎಂದುಕೊಂಡೆ. ಆ ಹೆಂಗಸಿನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಅಳು ಬಂತು. ಇವರ ಹೆಗಲಿಗೆ ಕೈ ಹಾಕಿ, "ಏಳ್ರಿ, ಹೋಗೂಣು" ಎಂದೆ.

ಅವರು ಏಳಲಿಲ್ಲ.

"ಆಕಿದೇನ ತಪ್ಪಿಲ್ಲ ತಂಗಿ" ಎಂದು ಒಡತಿಗೆ ಹೇಳಿದರು. ಬಸ್ಸಿನಲ್ಲಿ ಹಿಂದಿನ ಸೀಟಿನವರೆಗೂ ಮುಟ್ಟುತ್ತಿದ್ದ ಆ ಹಳೆಯ ದನಿ. "ನನಗ ಲಕ್ವಾ ಹೊಡದೈತಿ. ಕೈಯಾಗ ಕಸುವಿಲ್ಲ, ರೊಟ್ಟಿ ಮುರಿಯಾಕ ಬರಂಗಿಲ್ಲ. ಮಂದ್ಯಾಗ ನನ್ನ ಮಾನ ಹೋಗಬಾರದು ಅಂತ ಈಕಿ ಹಿಂಗ ನಾಟಕ ಮಾಡಾಕತ್ತಾಳ."

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಡಾಕ್ಟರ ಮುಂದೆಯೂ "ಈಗ ಆರಾಮ ಐತ್ರಿ" ಎನ್ನುತ್ತಿದ್ದ ಮನುಷ್ಯ.

ಒಡತಿಯ ಮುಖ ಇಳಿದುಹೋಯಿತು. "ಅಯ್ಯ ನನ ಶಿವನ! ಮೊದಲ ಹೇಳಬಾರದೇನ್ರಿ ಕಾಕಾ? ಬಿಸಿ ರೊಟ್ಟಿಗಿ ಬಳ್ಳೊಳ್ಳಿ, ಎಣ್ಣಿ ಹಾಕಿ ಮೆತ್ತಗ ಮುಟಗಿ ಕುಟ್ಟಿ ಕೊಡತೇನಿ, ಕುಂಡ್ರ್ರಿ. ಮುರಿಯೂ ಕೆಲಸಾನ ಇಲ್ಲ" ಎಂದು ಒಲೆಯ ಕಡೆ ಓಡಲು ತಿರುಗಿದಳು.

"ಮುಟಗಿ ಬ್ಯಾಡವಾ" ಎಂದರು. "ರೊಟ್ಟಿನ ಇರಲಿ. ಮುರದ ಕೊಡಾಕ ಈಕಿ ಅದಾಳ."

ಒಡತಿ ಒಲೆಯ ಕಡೆ ನಡೆದಳು. ಮಂದಿ ತಮ್ಮ ತಮ್ಮ ತಾಟಿಗೆ ತಿರುಗಿದರು. ಇವರು ಎಡಗೈ ಎತ್ತಿ, ಎಲ್ಲರೆದುರಿಗೇ ತಾಟಿನ ಅಂಚು ಹಿಡಿದು, ಅದನ್ನು ನನ್ನ ಕಡೆಗೆ ಸರಿಸಿದರು. ಕಣ್ಣೀರಿನಲ್ಲಿ ನನಗೆ ರೊಟ್ಟಿಯೇ ಕಾಣುತ್ತಿರಲಿಲ್ಲ. ಹೇಗೋ ಹಿಡಿದು ಮುರಿದೆ.

"ಇಷ್ಟ ದೊಡ್ಡ ತುತ್ತು ಯಾರ ಬಾಯಾಗ ಹಿಡೀತೈತಿ?" ಎಂದು ಗದರಿದರು. "ಅಳೂದ ಬಿಟ್ಟ ಸಣ್ಣಾಗಿ ಮುರಿ. ಹಸದೇನಿ ನಾನು."