ಉಪ್ಪಿನಕ್ಕನ ಲಿಥಿಯಂ ಬಾಟಲಿ

ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಉಪ್ಪು ತೂಗಿದವಳನ್ನು ಪ್ರಯೋಗಾಲಯದವರು ಉಪ್ಪಿನಕ್ಕ ಎಂದು ಕರೆದದ್ದರಲ್ಲಿ ತಪ್ಪೇನಿಲ್ಲ. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ, ಯಾವುದೇ ಆಗಲಿ, ತೂಕದಲ್ಲಿ ದಶಾಂಶದ ನಾಲ್ಕನೆಯ ಅಂಕಿ ಏರುಪೇರಾದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಕೈ ಮಾತ್ರ ಬಿಗಿ. ಒಮ್ಮೆ ಹಾಕಿ ಎಸೆಯಬೇಕಾದ ಕೈಗವಸನ್ನೂ ತೊಳೆದು ಕಿಟಕಿಗೆ ಒಣಹಾಕುವ ಜಾತಿ. ಯಾರಾದರೂ ನಕ್ಕರೆ, ಹನಿಗೂಡಿದರೆ ಹಳ್ಳ ಎಂದು ಗದರಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಅಲ್ಲಿ ಅವರು ಬೆನ್ನು ಹತ್ತಿದ್ದು ಡಿಎನ್‌ಎಯ ಒಂದು ಗಂಟನ್ನು. ಡಿಎನ್‌ಎಗೆ ಎರಡೆಳೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೆಲವು ಜೀನುಗಳ ಹೊಸ್ತಿಲಲ್ಲಿ, ಅಂದರೆ ಜೀನು ಕೆಲಸ ಶುರುಮಾಡಬೇಕೋ ಬೇಡವೋ ಎಂದು ತೀರ್ಮಾನವಾಗುವ ಪ್ರಮೋಟರ್ ಎಂಬ ಜಾಗದಲ್ಲಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಜಿ ಗುಂಪುಗುಂಪಾಗಿ ಬರುತ್ತದೆ. ಅಲ್ಲಿ ಒಂದೇ ಎಳೆ ಹಿಂದೆಮುಂದೆ ಮಡಿಚಿಕೊಂಡು ನಾಲ್ಕೆಳೆಯಾಗಿ ನಿಲ್ಲಬಲ್ಲದು. ನಾಲ್ಕು ಜಿಗಳು ಸೇರಿ ಒಂದು ಚೌಕ, ಚೌಕದ ಮೇಲೊಂದು ಚೌಕ, ನಡುವೆ ಬಿಗಿಹಿಡಿಯಲು ಪೊಟ್ಯಾಸಿಯಂ. ಈ ಗಂಟು ಬಿಚ್ಚದೆ ನಿಂತರೆ ಅದರ ಹಿಂದಿರುವ ಜೀನು ಸುಮ್ಮನಾಗುತ್ತದೆ ಎಂಬುದು ಪ್ರಯೋಗಾಲಯದ ಮುಖ್ಯಸ್ಥರ ನಂಬಿಕೆ. ಉಪ್ಪಿನಕ್ಕನ ತಂಗಿಯ ಹೊಟ್ಟೆಯಲ್ಲಿದ್ದ ಗಡ್ಡೆಯನ್ನು ಬೆಳೆಸುತ್ತಿದ್ದದ್ದೂ ಅದೇ ಜೀನು.

ಗಂಟನ್ನು ಹಿಡಿದು ನಿಲ್ಲಿಸಲು ಅವರು ಒಂದು ಹಳದಿ ಪುಡಿ ತಯಾರಿಸಿದ್ದರು. ಪೊಟ್ಯಾಸಿಯಂ ಇದ್ದಲ್ಲಿ ಗಂಟು ತಾನಾಗಿಯೇ ಗಟ್ಟಿ, ಲಿಥಿಯಂನಲ್ಲಿ ಅದಕ್ಕೆ ಆಸರೆಯೇ ಇಲ್ಲ. ಅದಕ್ಕೇ ಪುಡಿಯ ಪರೀಕ್ಷೆ ಲಿಥಿಯಂ ದ್ರಾವಣದಲ್ಲಿ. ನಿಧಾನವಾಗಿ ಬಿಸಿಮಾಡುತ್ತ ಹೋದರು. ಪುಡಿಯಿಲ್ಲದೆ ಹಿಂದೆ ಒಮ್ಮೆ, ಹೊರಗಿನಿಂದ ಕೊಂಡು ತಂದ ದ್ರಾವಣದಲ್ಲಿ ನೋಡಿದಾಗ ಗಂಟು ಮೂವತ್ತೆಂಟು ಡಿಗ್ರಿಗೆ ಬಿಚ್ಚಿತ್ತು. ಪುಡಿ ಹಾಕಿದಾಗ ಎಪ್ಪತ್ತೊಂದರವರೆಗೆ ನಿಂತಿತು. ಮುಖ್ಯಸ್ಥರು ಎಲ್ಲರಿಗೂ ಚಹಾ ತರಿಸಿದರು. ಈ ಸಲ ದ್ರಾವಣ ತಯಾರಿಸಿದವಳು ಉಪ್ಪಿನಕ್ಕ.

ಅಂದು ಅವಳು ಮನೆಗೆ ನಡೆದು ಬರಲಿಲ್ಲ, ಓಡಿ ಬಂದಳು. ಮಂಚದ ಮೇಲಿದ್ದ ತಂಗಿಗೆ ಎಪ್ಪತ್ತೊಂದು ಎಂಬ ಅಂಕಿಯನ್ನು ವರ ಸಿಕ್ಕವಳಂತೆ ಹೇಳಿದಳು. ತಂಗಿ ದರ್ಜಿ ಕೆಲಸದವಳು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎಂದು ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದವಳು. ಅವಳೇ ಮೋಸಹೋದಳು. ಆಸ್ಪತ್ರೆಯ ಕೀಮೋ ಡ್ರಿಪ್ ಇನ್ನೂ ಮೂರು ಸುತ್ತು ಬಾಕಿಯಿತ್ತು. ವಾಂತಿ, ಬಾಯಿಹುಣ್ಣು, ಬೋಳು ತಲೆ, ಸಾಕಾಗಿಹೋಗಿತ್ತು. ನಿಮ್ಮ ಪುಡಿ ಬರುವ ತನಕ ಕಾಯುತ್ತೇನೆ ಎಂದು ಡ್ರಿಪ್ ನಿಲ್ಲಿಸಿಬಿಟ್ಟಳು. ಪ್ರಯೋಗಾಲಯದ ಪುಡಿ ಔಷಧಿಯಾಗಿ ಬರಲು ಎಷ್ಟು ವರ್ಷ ಬೇಕೆಂದು ಉಪ್ಪಿನಕ್ಕನಿಗೆ ಗೊತ್ತಿತ್ತು. ಆದರೂ ಬೇಡ ಎನ್ನಲಿಲ್ಲ. ನನ್ನನ್ನು ಕೇಳಿದರೆ, ಅವಳ ದೊಡ್ಡ ತಪ್ಪು ಅದೇ. ತಂಗಿಯ ಕೂದಲು ಮತ್ತೆ ಬೆರಳುದ್ದ ಬೆಳೆಯಿತು. ಒಳಗೆ ಗಡ್ಡೆಯೂ ಬೆಳೆಯಿತು. ಕಳೆದ ತಿಂಗಳು ಡಾಕ್ಟರು ಅಕ್ಕನನ್ನು ಕಾರಿಡಾರಿಗೆ ಕರೆದು, ಇನ್ನು ಡ್ರಿಪ್ ಕೊಟ್ಟರೆ ಈ ದೇಹ ತಡೆಯುವುದಿಲ್ಲ, ಆ ಬಾಗಿಲು ಮುಚ್ಚಿತು ಎಂದಿದ್ದರು. ತಂಗಿಗೆ ಅವಳು ಇದನ್ನು ಹೇಳಿರಲಿಲ್ಲ. ಪುಡಿಯೊಂದಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮೊನ್ನೆ ಮಧ್ಯಾಹ್ನ ಸಂಶೋಧನೆ ಮಾಡುವ ಹುಡುಗಿ ಅವಳ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕ, ಇವತ್ತು ಪುಡಿ ಹಾಕೋದೇ ಮರೆತೆ. ಆದ್ರೂ ಗಂಟು ಎಪ್ಪತ್ತೊಂದಕ್ಕೇ ಬಿಚ್ಚಿದೆ."

ಆಗ ಉಪ್ಪಿನಕ್ಕ ಎಂದಿನಂತೆ ಹುಳಿ ಅಳೆಯುವ ಪಿಎಚ್ ಮೀಟರಿನ ಗಾಜಿನ ಕಡ್ಡಿಯನ್ನು ಲಿಥಿಯಂ ಬಾಟಲಿಯಲ್ಲಿ ಅದ್ದಿಟ್ಟಿದ್ದಳು. ಹುಡುಗಿಯ ಕಣ್ಣು ಆ ಕಡ್ಡಿಯ ಮೇಲೇ ನೆಟ್ಟಿತು. ಯಾವಾಗಲೂ ಬಾಟಲಿಗೇ ಅದ್ದುತ್ತೀರಾ ಎಂದು ಮೆಲ್ಲಗೆ ಕೇಳಿದಳು.

"ಮತ್ತೆ? ಲೋಟಕ್ಕೆ ಬಗ್ಗಿಸಿ ಅಳೆದು ಚೆಲ್ಲೋದ್ಯಾಕೆ?" ಎಂದಳು ಉಪ್ಪಿನಕ್ಕ. ಎನ್ನುತ್ತಿದ್ದಂತೆಯೇ ಕಡ್ಡಿಯನ್ನು ಬಾಟಲಿಯಿಂದ ಸರಕ್ಕನೆ ಎಳೆದಳು. ಆ ಕಡ್ಡಿಯ ಹೊಟ್ಟೆಯಲ್ಲಿ ತುಂಬಿರುವುದೇ ಪೊಟ್ಯಾಸಿಯಂ ಉಪ್ಪಿನ ನೀರು. ತಿಂಗಳಿಗೊಮ್ಮೆ ತುಂಬಿಸುವವಳೂ ಅವಳೇ. ಊಟಕ್ಕೆ ಹೋಗಿ ಬರುವಷ್ಟು ಹೊತ್ತು ಅದ್ದಿಟ್ಟರೆ ತೊಟ್ಟುತೊಟ್ಟಾಗಿ ಹೊರಗೆ ಸೋರುತ್ತದೆ. ಇಷ್ಟು ದಿನ ಗಂಟನ್ನು ಹಿಡಿದಿದ್ದದ್ದು ಆ ಸೋರಿಕೆ. ಪುಡಿ ಏನೂ ಮಾಡಿರಲಿಲ್ಲ.

ಮುಖ್ಯಸ್ಥರು ಹಳೆಯ ಬಾಟಲಿಗಳನ್ನು ತಾವೇ ಒಂದೊಂದಾಗಿ ಸಿಂಕಿಗೆ ಸುರಿದರು. ಉಪ್ಪಿನಕ್ಕ ನೋಡುತ್ತ ನಿಂತಿದ್ದಳು.

ಸಂಜೆ ಮನೆಗೆ ಬಂದಾಗ ತಂಗಿ ಕಿಟಕಿಯ ಬಳಿ ಕೂತು ಚಿಕ್ಕ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುತ್ತಿದ್ದಳು. ಇವತ್ತು ಎಷ್ಟು ಡಿಗ್ರಿ ಎಂದು ಎಂದಿನಂತೆ ಕೇಳಿದಳು. ಉಪ್ಪಿನಕ್ಕ ಚೀಲವನ್ನೂ ಕೆಳಗಿಡದೆ, ಬಾಟಲಿ, ಕಡ್ಡಿ, ತನ್ನ ಜಿಪುಣತನ, ಎಲ್ಲವನ್ನೂ ಹೇಳಿದಳು. ಡಾಕ್ಟರು ಕಾರಿಡಾರಿನಲ್ಲಿ ಹೇಳಿದ್ದೊಂದನ್ನು ಮಾತ್ರ ಬಿಟ್ಟಳು.

ತಂಗಿ ಬೈಯಲಿಲ್ಲ. ಬೈದಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳು. ತಂಗಿ ಬಾಚಣಿಗೆಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಎಣಿಸಿದಳು.

"ಹೋಗ್ಲಿ ಬಿಡಕ್ಕ. ಡ್ರಿಪ್ಪನ್ನೇ ಮತ್ತೆ ಹಾಕಿಸ್ಕೋತೀನಿ. ಕೂದಲು ಹೋದ್ರೆ ಹೋಗ್ಲಿ. ನಾಳೆ ಡಾಕ್ಟರನ್ನ ಕೇಳ್ತೀಯಾ?"

ಉಪ್ಪಿನಕ್ಕ ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಹಿಂದೆ ನಿಂತು, ಆ ಬೆರಳುದ್ದದ ಕೂದಲಿಗೆ ಬೈತಲೆ ತೆಗೆಯತೊಡಗಿದಳು.

"ಕೇಳ್ತೀನಿ," ಎಂದಳು.