ಒಂದು ಪುಟ ತಡೆದವಳು

ಆಕೆಯ ಸ್ವೆಟರಿನ ಎರಡೂ ಮೊಣಕೈಗೆ ತೇಪೆ ಹಾಕಿತ್ತು, ಹೊಲಿಗೆ ಓರೆ. ನನ್ನ ಪುಸ್ತಕವನ್ನು ತನ್ನ ಭಾಷೆಗೆ ತರುವವಳು ಇವಳೇನಾ ಎಂದು ಆಕೆಯ ದೇಶದ ವಿಮಾನ ನಿಲ್ದಾಣದಲ್ಲಿ ನೋಡುತ್ತ ನಿಂತೆ. ಹಿರೇಕೆರೂರು ಬಿಟ್ಟು ಎರಡು ದಿನವಾಗಿತ್ತು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ.

"ಬರ್ರಿ ಅವ್ವಾರ, ಭಾಳ ದಣದೀರಿ," ಎಂದಳು. ಹರೆಯದಲ್ಲಿ ಧಾರವಾಡಕ್ಕೆ ಬಂದು ಕನ್ನಡ ಕಲಿತವಳಂತೆ.

ನಾನು ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದು ಬದುಕಿದವಳು. ಯಾವ ಕೌದಿಯಲ್ಲಿ ಯಾರ ಅರಿವೆ ಸೇರಿದೆ ಎಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ, ಅದೇ ಪುಸ್ತಕವಾಯಿತು.

ಆಕೆಯ ಮನೆಯಲ್ಲಿ ನೆಲದ ಮೇಲೆ ಅರ್ಧ ಹೊಲಿದ ಕೌದಿ ಹಾಸಿತ್ತು. ನನ್ನ ಮದುವೆ ಸೀರೆ, ಅಣ್ಣನ ಅಂಗಿ, ಅತ್ತೆಯ ಕುಪ್ಪಸ ಎಂದು ನಾನು ಬರೆದ ಸಾಲಿನಂತೆಯೇ ಅಲ್ಲಿನ ಅರಿವೆ ಹುಡುಕಿ ತಂದು ಜೋಡಿಸಿದ್ದಳು.

"ಇದೇನ ಹೊಲಿಗಿನ? ಎತ್ತು ಉಚ್ಚಿ ಹೊಯ್ದಂಗ ಐತಿ," ಎಂದೆ.

ಬಿದ್ದು ಬಿದ್ದು ನಕ್ಕು ಅದನ್ನೂ ಬರೆದುಕೊಂಡಳು. "ಕೈಗೆ ತಿಳೀದ ಬರದ್ರ ಸುಳ್ಳ ಆಕ್ಕತಿರಿ," ಎಂದಳು. ಅದು ಆಕೆಯ ಮಾತು, ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಕೌದಿಯ ನಡುವೆ ಒಂದು ಕಡೆ ಖಾಲಿ ಇತ್ತು. ಯಾಕೆ ಬಿಟ್ಟೆ ಎಂದು ಕೇಳಿದೆ.

"ಅಲ್ಲಿ ನಿಮ್ಮ ಮಗಳ ಲಂಗದ ತುಂಡು ಬರಬೇಕ್ರಿ. ಜ್ವರ ಬಂದು ತೀರಿದ್ಲು ಅಂತ ಬರದೀರಿ. ಮರುವರ್ಷ ಆಕಿ ಲಂಗ ಕೌದಿಗೆ ಹಾಕೀರಿ. ಸತ್ತವರ ಅರಿವಿ ನಮ್ಮ ಮನ್ಯಾಗ ಕೌದಿಗೆ ಹಾಕೂದಿಲ್ಲ, ಹೊಳಿಗೆ ಬಿಡ್ತೇವಿ ಅಂತನೂ ನೀವ ಬರದೀರಿ. ಆಕಿ ಅದಾಳೇನ್ರಿ?"

ಕನ್ನಡದಲ್ಲಿ ಓದಿದವರು ಯಾರೂ ಇದನ್ನು ಕೇಳಿರಲಿಲ್ಲ.

ಇದ್ದಾಳೆ, ಸವಣೂರಿನಲ್ಲಿ ಎಂದೆ. ಬೇರೆ ಜಾತಿಯವನನ್ನು ಮದುವೆಯಾಗಿ ಹೋದಳು. ಮನೆಯ ಗಂಡಸರು ತಲೆಗೆ ನೀರು ಹಾಕಿಕೊಂಡು, ಸತ್ತಳು ಎಂದರು. ನಾನೂ ಹಾಕಿಕೊಂಡೆ. ಲಂಗ ಹೊಳೆಗೆ ಬಿಡಲು ಮಾತ್ರ ಕೈ ಬರಲಿಲ್ಲ.

"ನಿನ್ನ ಭಾಷಾದಾಗ ಆಕಿನ್ನ ಬದುಕಿಸಿಬಿಡು. ಅಲ್ಲಿ ನಮ್ಮ ಮಂದಿ ಯಾರ ಓದ್ತಾರ?" ಎಂದೆ.

"ನೀವು ಬರದದ್ದನ್ನ ನಾ ತಿದ್ದೂದಿಲ್ರಿ. ಬದುಕಿದಾಕಿನ್ನ ಸಾಯ್ಸೂದೂ ನನ್ನ ಕೈಲೆ ಆಗೂದಿಲ್ಲ. ಆ ಪುಟ ತಡೀತೇನಿ. ಉಳಿದದ್ದು ಮಾಡ್ತೇನಿ."

ನನಗೆ ಸಿಟ್ಟು ಬಂತು. ಆಕೆ ಮಾಡಿದ ಉಪ್ಪಿಲ್ಲದ ಸಾರನ್ನು ಕುಡಿದು ಮಲಗಿದೆ.

ನಾನು ಊರಿಗೆ ಬಂದ ಮೇಲೆ ಆಕೆ ತಿಂಗಳಿಗೊಮ್ಮೆ ಫೋನು ಮಾಡುವಳು. ಯಾವ ದಾರ, ಎಂಥ ಸೂಜಿ ಎಂದು ಕೇಳುವಳು. ಮಗಳ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಬೈದು ಹಗುರಾಗುತ್ತಿದ್ದೆ. ಆ ಸುಳ್ಳನ್ನು ಹೊತ್ತು ಹೊತ್ತು ನನಗೂ ಸಾಕಾಗಿತ್ತು. ಸಮುದ್ರ ದಾಟಿ ಹೋಗಿ ಬಂದ ನಾನು ಇಷ್ಟು ವರ್ಷದಲ್ಲಿ ಸವಣೂರಿನ ಬಸ್ಸು ಹತ್ತಿರಲಿಲ್ಲ. ಒಂದು ದಿನ ಹತ್ತಿದೆ.

ಮಗಳ ತಲೆ ನರೆತಿತ್ತು. ಬಾಗಿಲಲ್ಲೇ ನಿಂತು, "ನಿನ್ನ ಪುಸ್ತಕ ಓದೇನಿ. ನಾ ಸತ್ತದ್ದನ್ನ ಭಾಳ ಚಲೋ ಬರದಿ ಬಿಡು," ಎಂದಳು. ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂತೆ. ಬಿಸಿಲು ಇಳಿದ ಮೇಲೆ ಚಹಾ ತಂದು ದೂರ ಇಟ್ಟಳು.

ಅಲ್ಲಿಂದಲೇ ಅನುವಾದಕಿಗೆ ಫೋನು ಮಾಡಿದೆ. "ಬರ್ಕೋ. ಮಗಳು ಅದಾಳ. ಅವ್ವ ಸುಳ್ಳ ಹೇಳಿದ್ಲು."

"ಹಂಗ ಬರೀಲೇನ್ರಿ?"

"ಹಂಗ ಬರಿ."

ಇಲ್ಲಿನ ಪುಸ್ತಕದಲ್ಲೂ ಆ ಪುಟ ತಿದ್ದಿಸಿದೆ. ಮೈದುನನ ಮಕ್ಕಳು ಮಾತು ಬಿಟ್ಟರು. ಬಿಡಲಿ.

ಆಕೆಯ ಭಾಷೆಯ ಪುಸ್ತಕವೂ ಅಚ್ಚಾಗಿ ಬಂತು. ನಾನು ಹೋದಾಗಲೇ ಆಕೆಗೆ ಕಾಯಿಲೆ ಇತ್ತಂತೆ, ಹೇಳಿರಲಿಲ್ಲ. ಮುಂದಿನ ಚಳಿಗಾಲ ದಾಟಲಿಲ್ಲ. ಆಕೆ ತೀರಿಕೊಂಡ ಸುದ್ದಿ ಇಂಗ್ಲಿಷಿನಲ್ಲಿ ಬಂತು. ನನ್ನ ಪಕ್ಕ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದವಳು ಮಗಳು.