ಯಾರದೋ ಗಂಟು ಕಾದವಳು

ಸುರಪುರದ ನಿಲ್ದಾಣದಲ್ಲಿ ಹುಣಸಗಿಯ ಬಸ್ಸು ಪೂರಾ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಗೆ ಟವೆಲ್ಲು, ಚೀಲ, ಬುತ್ತಿಗಂಟುಗಳು ಹಾರಿ ಬೀಳುವುದನ್ನು ನೀವೂ ನೋಡಿರಬೇಕು. ಗಂಟು ಬಿತ್ತೆಂದರೆ ಮುಗಿಯಿತು, ಸೀಟು ಅದರ ಒಡೆಯನದು. ಆ ಮಹಾರಾಯ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಸಾವಕಾಶ ಬರುವವರೆಗೆ ಪಕ್ಕದವರು ಅದನ್ನು ತಮ್ಮದೇ ಎಂಬಂತೆ ಕಾಯುತ್ತಾರೆ; ಯಾರಾದರೂ ಸರಿಸಲು ಹೋದರೆ, "ಅಲ್ಲಿ ಮಂದಿ ಅದಾರ್ರಿ!" ಎಂದು ಗದರುತ್ತಾರೆ. ನಮ್ಮ ಸೀಮೆಯ ಮರ್ಯಾದೆ ಅದು.

ನಮ್ಮಕ್ಕ ಈ ಮರ್ಯಾದೆಯನ್ನೇ ಕಟ್ಟಿಕೊಂಡು ಮಗಳ ಬಾಣಂತನಕ್ಕೆಂದು ದೊಡ್ಡ ಶಹರಕ್ಕೆ ಹೋಗಿದ್ದಳು. ತಿರುಗಿ ಬರುವಾಗ ಅಲ್ಲಿಯ ನಿಲ್ದಾಣದ ಬೆಂಚಿನ ಮೇಲೆ ಒಂದು ಚೀಲ ಒಂಟಿಯಾಗಿ ಕೂತಿತ್ತಂತೆ. ಯಾರೋ ನೀರು ತರಲು ಹೋಗಿರಬೇಕೆಂದು ಅಕ್ಕ ಅದರ ಪಕ್ಕ ಕೂತಳು. ತನ್ನ ಬಸ್ಸು ಬಂದರೂ ಏಳಲಿಲ್ಲ; ಪರರ ಗಂಟನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ಹೇಗೆ? ಕೊನೆಗೆ ವಿಚಾರಣೆಯ ಕಿಟಕಿಗಾದರೂ ಹೇಳಿ ಬರೋಣವೆಂದು ಎದ್ದು ಹೋಗುತ್ತಿದ್ದಾಗ ಬೆನ್ನ ಹಿಂದೆ ಅದು ಸಿಡಿಯಿತು. ಜೀವ ಉಳಿಯಿತು, ಎರಡೂ ಕಿವಿ ಹೋದವು.

ಆಸ್ಪತ್ರೆಗೆ ಬಂದ ಅಧಿಕಾರಿ, ಆ ಚೀಲದ ಹತ್ತಿರ ನೀನೇ ಯಾಕೆ ಕೂತಿದ್ದೆ ಎಂದು ಕೇಳಿದ. ನಾನು ಅದನ್ನು ಅಕ್ಕನಿಗೆ ಸನ್ನೆ ಮಾಡಿ ತಿಳಿಸಿದೆ. ತನ್ನ ದನಿ ತನಗೇ ಕೇಳದ ಅಕ್ಕ ಇಡೀ ವಾರ್ಡು ತಿರುಗಿ ನೋಡುವಂತೆ ಕೂಗಿ ಹೇಳಿದಳು: "ಕಾಯಾಕ ಕುಂತಿದ್ನಿರಿ ಸಾಹೇಬ್ರ! ಪಾಪ, ಯಾರದೋ ಏನೋ, ಯಾರರ ಒಯ್ದಾರಂತ!"

ಅಲ್ಲರೀ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಿಗೆ ಏನನ್ನಬೇಕು? ಆ ಚೀಲ ಬೆಂಚಿಗೆ ಬರುವ ಮುನ್ನ ಯಾವುದೋ ಕೋಣೆಯಲ್ಲಿ ಅದನ್ನು ತುಂಬಿದ್ದಾರೆ, ಯಾರೋ ಫೋನಿನಲ್ಲಿ ಮಾತಾಡಿದ್ದಾರೆ, ಯಾರೋ ನಿಲ್ದಾಣ ಸುತ್ತಿ ನೋಡಿ ಹೋಗಿದ್ದಾರೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಸರ್ಕಾರಕ್ಕೆ ಅಂದು ಇದ್ದಿದ್ದರೆ ಅಕ್ಕನ ಕಿವಿ ಇಂದು ಇರುತ್ತಿದ್ದವು. ನನಗೆ ಸಿಟ್ಟು ಬರುವುದು ಇದಕ್ಕೇ.

ಶಹಾಪುರದ ನಮ್ಮ ಶಾಲೆಯಲ್ಲಿ ಜೊತೆಯ ಮಾಸ್ತರರೊಬ್ಬರು ಬಜೆಟ್ಟಿನ ಮರುದಿನ ಪೇಪರು ಝಾಡಿಸಿ, "ಈ ಗುಪ್ತಚರದವ್ರಿಗಿ ಇಷ್ಟ್ ರೊಕ್ಕ ಯಾಕ್ರಿ? ಏನ್ ಮಾಡ್ತಾರಂತ ಕಣ್ಣಿಗರ ಕಾಣ್ತದೇನು?" ಎಂದರು. ಕಾಣಬಾರದೆಂದೇ ಅವರಿಗೆ ಪಗಾರ, ಮಾಸ್ತರ, ಎಂದೆ ನಾನು. ರಾಶಿಯ ಕಣದಲ್ಲಿ ಊರು ಕಾಯುವ ತಳವಾರನಿಗೆ ಜೋಳ ಅಳೆದು ಕೊಡುತ್ತಿದ್ದ ನಮ್ಮ ಹಿರಿಯರು, ಈ ವರ್ಷ ಕಳ್ಳರೇ ಬರಲಿಲ್ಲ, ನಿನಗ್ಯಾಕೆ ಪಾಲು ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ವನದುರ್ಗದ ಕೋಟೆಯ ಬುರುಜಿನ ಮೇಲೆ ಕಾವಲು ನಿಂತವನಿಗೂ ವೈರಿ ಬಾರದ ದಿನ ಉಪವಾಸ ಕೆಡವಿರಲಾರರು. ಕಾವಲಿನವನೇ ನಮ್ಮ ಮನೆಯೊಳಗೆ ಇಣುಕಿದರೆ ಎಂಬ ಭಯ ನನಗೂ ಉಂಟು. ಲಗಾಮು ಹಾಕಿ, ಜಬಾಬು ಕೇಳಿ. ಆದರೆ ಹೊಟ್ಟೆಗೆ ಹಾಕದೆ ಕಾವಲಿಗೆ ನಿಲ್ಲಿಸಬೇಡಿ. ಸಂಶಯಪಡುವುದೂ ಒಂದು ಕಸುಬು. ಅದನ್ನು ಬಲ್ಲವರಿಗೆ ಕೂಲಿ ಕೊಟ್ಟು ಮಾಡಿಸದಿದ್ದರೆ ಅದು ಪುಕ್ಕಟೆಯಾಗಿ ಊರಿಗೆಲ್ಲ ಹಬ್ಬಿ, ಮುಖ ನೋಡಿ, ಉಡುಗೆ ನೋಡಿ, ಮಂದಿ ಮಂದಿಗೇ ಹೆದರುತ್ತಾರೆ. ಮಾಸ್ತರರು ಪೇಪರು ಮಡಚಿ ತರಗತಿಗೆ ಹೋದರು.

ಮೊನ್ನೆ ಅಕ್ಕನನ್ನು ಕರೆದುಕೊಂಡು ಅದೇ ಹುಣಸಗಿ ಬಸ್ಸು ಹತ್ತಿದೆ. ಸೀಟಿನ ಮೇಲೊಂದು ಗಂಟು ಇತ್ತು. ನಾನು ತಡೆಯುವಷ್ಟರಲ್ಲಿ ಅಕ್ಕ ಚೀರಿ, ಅದನ್ನೆತ್ತಿ ಕಿಟಕಿಯಿಂದ ಹೊರಗೆಸೆದಳು. ಮಣ್ಣಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಚೆಲ್ಲಿದವು. ಮುದುಕಿಯೊಬ್ಬಳು ಬಂದು ಒಂದೊಂದೇ ರೊಟ್ಟಿ ಆರಿಸಿ ಧೂಳು ಝಾಡಿಸುತ್ತ ಕಿಟಕಿಯತ್ತ ಮುಖವೆತ್ತಿದಳು: "ಯಾಕವ್ವಾ, ನನ್ನ ಬುತ್ತಿ ನಿನಗೇನ್ ಮಾಡಿತ್ತ?"

ಅಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ಖಾಲಿಯಾದ ಸೀಟನ್ನು ಸೆರಗಿನಿಂದ ಒರೆಸಿ, ಬಾ ಕುಂಡ್ರು ಎಂದು ನನ್ನನ್ನು ಕರೆಯುತ್ತಿದ್ದಳು.